ಕೈದೀಪವನ್ನು ತಿದ್ದುವವರು

ನಮ್ಮ ಹಳ್ಳಿಗಳಲ್ಲಿ ಟಾರ್ಚಿಗೆ ‘ಬ್ಯಾಟರಿ’ ಎಂದೇ ರೂಢಿಯ ಹೆಸರು. ರಾತ್ರಿ ತೋಟಕ್ಕೆ ಹೊರಟವನು ‘ಬ್ಯಾಟರಿ ಕೊಡು’ ಎಂದರೆ ದೀಪವನ್ನೇ ಕೊಡಬೇಕು. ಅಮೆರಿಕದವರು ಇದನ್ನು ‘ಫ್ಲ್ಯಾಶ್‌ಲೈಟ್’ ಎನ್ನುತ್ತಾರೆ. ಮಿಂಚಿ ಮರೆಯಾಗುವ ಬೆಳಕು ಎಂದು ಅದರ ಅರ್ಥ. ಡೇವಿಡ್ ಮಿಸೆಲ್ ಎಂಬಾತನಿಗೆ 1899ರಲ್ಲಿ ಅಮೆರಿಕದಲ್ಲಿ ಇದರ ಪೇಟೆಂಟು ದೊರೆಯಿತು. ಅಂದಿನ ಶುಷ್ಕಕೋಶಗಳಿಗೆ ತ್ರಾಣವಿರಲಿಲ್ಲ. ಇಂಗಾಲದ ತಂತುವಿನ ಬಲ್ಬಿಗೆ ಹಸಿವು ಹೆಚ್ಚು. ಆದಕಾರಣ ಗುಂಡಿಯನ್ನೊತ್ತಿ ಕ್ಷಣಕಾಲ ನೋಡಿ, ಕೈ ಬಿಟ್ಟು, ಕೋಶ ಸುಧಾರಿಸಿಕೊಳ್ಳುವವರೆಗೆ ಕಾಯಬೇಕಾಗಿತ್ತು. ಹೀಗೆ ಕೊರತೆಯೇ ಹೆಸರಾಗಿ ಉಳಿದ ವಸ್ತು ಇದು.

ಆ ಕೊರತೆಯನ್ನು ಸಹಿಸಲಾರದೆ, ಕಾರ್ಖಾನೆಯಿಂದ ಬಂದ ಟಾರ್ಚನ್ನು ಬಿಚ್ಚಿ ತಮ್ಮ ಮನೆಯ ಮೇಜಿನ ಮೇಲೆ ಮರಳಿ ಕಟ್ಟುವ ಹವ್ಯಾಸಿಗಳ ಒಂದು ವರ್ಗವಿದೆ. ಇವರು ಅಮೆರಿಕದಲ್ಲಿದ್ದಾರೆ, ಚೀನದಲ್ಲಿದ್ದಾರೆ, ಹುಡುಕಿದರೆ ನಮ್ಮ ಊರುಗಳಲ್ಲಿಯೂ ಇದ್ದಾರೆ. ಅವರು ಮಾಡುವುದೇನು, ಅವರಲ್ಲಿ ನುರಿತವರನ್ನು ಗುರುತಿಸುವುದು ಹೇಗೆ ಎಂಬುದೇ ನನ್ನ ಇಂದಿನ ಮಾತು.

ಈ ಹವ್ಯಾಸಕ್ಕೆ ಮೊದಲ ಒಳ್ಳೆಯ ಕಚ್ಚಾವಸ್ತುವನ್ನು ಒದಗಿಸಿದ ಕೀರ್ತಿ ಬಹುಮಟ್ಟಿಗೆ ಕ್ಯಾಲಿಫೋರ್ನಿಯದ ಆಂಟನಿ ಮಗ್ಲಿಕಾ ಅವರಿಗೆ ಸಲ್ಲಬೇಕು. 1979ರಲ್ಲಿ ಅವರು ಹೊರತಂದ ಮ್ಯಾಗ್‌ಲೈಟ್ ಗಟ್ಟಿ ಅಲ್ಯೂಮಿನಿಯಂ ಕೊಳವೆಯನ್ನು ಕಡೆದು ಮಾಡಿದ್ದು. ಪೊಲೀಸರು ಅದನ್ನು ದೀಪವಾಗಿಯೂ ಲಾಠಿಯಾಗಿಯೂ ಬಳಸಿದರು. ಆದರೆ ಅಷ್ಟು ಸೊಗಸಾದ ಒಡಲಿನೊಳಗೆ ಇದ್ದದ್ದು ಸಾಧಾರಣ ಹಳದಿ ಬೆಳಕು. ಹವ್ಯಾಸಿಗಳು ಪ್ರಬಲವಾದ ಬಲ್ಬನ್ನು ತುರುಕಿದರು; ಅದರ ಕಾವಿಗೆ ಪ್ಲಾಸ್ಟಿಕ್ಕಿನ ಪ್ರತಿಫಲಕ ಕರಗಿತು. ಲೋಹದ ಪ್ರತಿಫಲಕ ಹಾಕಿದರು. ಮುಂದಿನ ಪ್ಲಾಸ್ಟಿಕ್ ಬಿಲ್ಲೆ ಸೊಟ್ಟಗಾಯಿತು. ಅದರ ಜಾಗಕ್ಕೆ ಗಾಜು ಬಂತು. ಹೀಗೆ ಒಂದನ್ನು ತಿದ್ದಿದರೆ ಅದರ ಪಕ್ಕದ್ದು ತನ್ನ ದೌರ್ಬಲ್ಯವನ್ನು ಹೊರಗೆಡಹುತ್ತದೆ. ಟಾರ್ಚಿನ ಶಾಸ್ತ್ರವೆಲ್ಲ ಈ ಸರಪಳಿಯಲ್ಲಿದೆ.

ಆಮೇಲೆ ಎಲ್.ಇ.ಡಿ. ಬಂತು. ಜಪಾನಿನ ನಿಚಿಯಾ ಸಂಸ್ಥೆಯಲ್ಲಿದ್ದ ಶುಜಿ ನಕಮುರ 1993ರಲ್ಲಿ ಉಜ್ವಲವಾದ ನೀಲಿ ದೀಪವನ್ನು ಸಾಧಿಸಿದರು. ಆ ನೀಲಿಯ ಮೇಲೆ ಹಳದಿ ಸೂಸುವ ರಂಜಕವನ್ನು ಲೇಪಿಸಿ ಬಿಳಿಯ ಬೆಳಕನ್ನು 1996ರಲ್ಲಿ ಅದೇ ಸಂಸ್ಥೆ ಮಾರುಕಟ್ಟೆಗೆ ತಂದಿತು. ನಕಮುರ, ಅಕಾಸಾಕಿ, ಅಮಾನೊ ಈ ಮೂವರಿಗೆ 2014ರ ನೊಬೆಲ್ ಪ್ರಶಸ್ತಿ ಸಂದುದನ್ನು ಬಹುಮಂದಿ ಬಲ್ಲರು. ಎಲ್.ಇ.ಡಿ. ತಣ್ಣಗಿನ ದೀಪವೆಂದು ಜನ ತಿಳಿದಿದ್ದಾರೆ. ಅದು ಅರ್ಧಸತ್ಯ ಮಾತ್ರ. ತಂತುವಿನ ಬಲ್ಬು ತನ್ನ ಶಾಖದ ಬಹುಪಾಲನ್ನು ಬೆಳಕಿನೊಡನೆ ಮುಂದಕ್ಕೆ ಚೆಲ್ಲಿಬಿಡುತ್ತದೆ. ಎಲ್.ಇ.ಡಿ.ಯ ಶಾಖವಾದರೋ ಅದರ ಬುಡದಲ್ಲಿಯೇ ಕೂಡಿಕೊಳ್ಳುತ್ತದೆ. ಅದನ್ನು ಲೋಹದ ಮೂಲಕ ಹೊರಮೈಗೆ ಸಾಗಿಸದಿದ್ದರೆ ಬೆಳಕು ಕುಗ್ಗುತ್ತದೆ, ಆಯುಷ್ಯವೂ ಕುಗ್ಗುತ್ತದೆ. ಹೀಗಾಗಿ ನುರಿತ ಹವ್ಯಾಸಿ ಮೊದಲು ಕೈಹಾಕುವುದು ದೀಪಬೀಜದ ಕೆಳಗಿನ ತಟ್ಟೆಗೆ. ಅಗ್ಗದ ಟಾರ್ಚುಗಳಲ್ಲಿ ಅದು ಅಲ್ಯೂಮಿನಿಯಮ್ಮಿನದು. ಲೋಹಕ್ಕೂ ಬೀಜಕ್ಕೂ ನಡುವೆ ಶಾಖವನ್ನು ತಡೆಯುವ ತೆಳುಪದರವೊಂದು ಇರುತ್ತದೆ. ಅದನ್ನು ತೆಗೆದು, ಬೀಜದ ಬುಡ ನೇರವಾಗಿ ತಾಮ್ರಕ್ಕೆ ಬೆಸೆಯುವಂತಹ ತಟ್ಟೆಯನ್ನು ಕೂರಿಸುತ್ತಾರೆ.

ಇನ್ನು ಹಿಂಬದಿಯ ಸ್ಪ್ರಿಂಗು. ಅದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಉಕ್ಕಿನ ಸುರುಳಿಯಲ್ಲಿ ಒಂದು ಓಮಿನ ಇಪ್ಪತ್ತನೆಯ ಒಂದು ಪಾಲು ಪ್ರತಿರೋಧವಿದೆಯೆನ್ನಿ. 5 ಆಂಪೇರ್ ಪ್ರವಾಹ ಹರಿದರೆ ಕಾಲು ವೋಲ್ಟು ಅಲ್ಲಿಯೇ ಸೋರಿಹೋಗುತ್ತದೆ. ಒಂದೂಕಾಲು ವಾಟ್ ಶಕ್ತಿ ಸುರುಳಿಯನ್ನು ಕಾಯಿಸುವುದಕ್ಕೇ ವೆಚ್ಚ. ಸುರುಳಿಯ ಎರಡು ತುದಿಗಳಿಗೆ ಮೆದುವಾದ ತಾಮ್ರದ ತಂತಿಯ ತುಣುಕೊಂದನ್ನು ಬೆಸೆದರೆ ಪ್ರವಾಹಕ್ಕೆ ಒಳದಾರಿ ಸಿಕ್ಕಿತು. ಖರ್ಚು ಇಲ್ಲವೆಂದೇ ಹೇಳಬೇಕು. ಕಾರ್ಖಾನೆ ಅದನ್ನೇಕೆ ಮಾಡುವುದಿಲ್ಲವೆಂದರೆ, ಲಕ್ಷ ಟಾರ್ಚುಗಳಲ್ಲಿ ಒಂದೊಂದಕ್ಕೂ ಒಂದು ನಿಮಿಷದ ಕೈಗೆಲಸವೆಂದರೆ ಅದು ಸಣ್ಣ ಲೆಕ್ಕವಲ್ಲ.

ಇಷ್ಟರಿಂದ ಹೆಚ್ಚು ಬೆಳಕು ಬಂದೀತು. ಆದರೆ ಹೆಚ್ಚು ಬೆಳಕೇ ಒಳ್ಳೆಯ ಬೆಳಕಲ್ಲ ಎಂಬಲ್ಲಿ ಈ ಹವ್ಯಾಸದ ನಿಜವಾದ ಸತ್ತ್ವವಿದೆ ಎಂದು ನನ್ನ ಅಭಿಪ್ರಾಯ. ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ಟಾರ್ಚಿನ ಬೆಳಕು ನೀಲಿಬೆರೆತ ಬಿಳಿ. ಮಲೆನಾಡಿನ ತೋಟದಲ್ಲಿ ಆ ಬೆಳಕು ಬಿದ್ದಾಗ ಒಣಗಿದ ತರಗು, ತೇವದ ಮಣ್ಣು, ಅದರ ಮೇಲೆ ಸುರುಳಿಸುತ್ತಿ ಮಲಗಿದ ಕೊಳಕುಮಂಡಲ ಎಲ್ಲಕ್ಕೂ ಒಂದೇ ಬೂದಿಯ ಬಣ್ಣ. ಹಾವು ತರಗೆಲೆಯ ಬಣ್ಣವನ್ನು ಹೊತ್ತಿರುವುದೇ ಕಾಣದಿರುವುದಕ್ಕಾಗಿ. ನಮ್ಮ ದೀಪವೂ ಅದರ ಪಕ್ಷ ವಹಿಸಿದರೆ ಕಾಲಿನ ಗತಿಯೇನು? ವಸ್ತುಗಳ ನಿಜಬಣ್ಣವನ್ನು ತೋರುವ ಶಕ್ತಿಗೆ ನೂರರವರೆಗಿನ ಒಂದು ಅಳತೆಗೋಲಿದೆ. ಸಾಮಾನ್ಯ ಟಾರ್ಚಿನದು 70ರ ಆಸುಪಾಸು. ಹವ್ಯಾಸಿಗಳು ಮೆಚ್ಚುವ ಬೀಜಗಳು 90ನ್ನು ಮೀರುತ್ತವೆ. ಒಂದು ಸೂಕ್ಷ್ಮ: ಆ ಸರಾಸರಿಯನ್ನು ತೆಗೆಯುವುದು ಎಂಟು ನಸುಬಣ್ಣಗಳಿಂದ, ಕಡುಗೆಂಪು ಅದರಲ್ಲಿ ಸೇರಿಲ್ಲ, ಅದನ್ನು ಬೇರೆಯಾಗಿಯೇ ಕೇಳಬೇಕು. ಗಾಯದ ನೆತ್ತರು, ಮನುಷ್ಯನ ಮುಖದ ಕಳೆ, ಮಗುವಿನ ಮೈಮೇಲೆ ಎದ್ದ ದದ್ದು, ಇವೆಲ್ಲ ಆ ಕೆಂಪಿಗೆ ಸೇರಿದವು. ಇಂತಹ ಬೀಜವನ್ನು ಹಾಕಿದರೆ ಒಟ್ಟು ಬೆಳಕಿನ ಮೊತ್ತ ಇಳಿಯುತ್ತದೆ. ಇಳಿಯಲಿ ಎನ್ನುವವನು ನಾನು.

ಹಾಗಾದರೆ ನುರಿತವನನ್ನು ಗುರುತಿಸುವುದು ಹೇಗೆ? ನಿಮ್ಮ ಟಾರ್ಚನ್ನು ಕೈಗೆ ತೆಗೆದುಕೊಳ್ಳುತ್ತಲೇ ಇಷ್ಟು ಸಾವಿರ ಲ್ಯೂಮೆನ್ ಮಾಡಿಕೊಡುತ್ತೇನೆ ಎನ್ನುವವನಿಗೆ ನಮಸ್ಕಾರ ಹೇಳಿ ಹೊರಡುವುದು ಲೇಸು. ನಮ್ಮ ಕಣ್ಣು ಅಂತಹ ಸಂಖ್ಯೆಗಳಿಗೆ ಸೊಪ್ಪು ಹಾಕುವುದಿಲ್ಲ. ಬೆಳಕು ಇಮ್ಮಡಿಯಾದರೂ ನೋಟಕ್ಕೆ ಅದು ಇಮ್ಮಡಿಯೆನಿಸದು. ದೂರದ ಮಾತು ಇನ್ನೂ ಕಠಿಣ. ಎಷ್ಟು ದೂರದಲ್ಲಿ ಬೆಳಕು ಹುಣ್ಣಿಮೆಯ ಬೆಳುದಿಂಗಳಷ್ಟಕ್ಕೆ ಇಳಿಯುವುದೋ ಅದನ್ನೇ ಟಾರ್ಚಿನ ವ್ಯಾಪ್ತಿಯೆಂದು ಹೇಳುವ ಪದ್ಧತಿಯುಂಟು. 10,000 ಕ್ಯಾಂಡೆಲಾದ ಕಿರಣ ಹೀಗೆ 200 ಮೀಟರ್ ಮುಟ್ಟುತ್ತದೆ. 400 ಮೀಟರ್ ಬೇಕೆಂದರೆ 20,000 ಸಾಲದು, 40,000 ಬೇಕು. ಬಲ್ಲವನು ಮೊದಲು ನಿಮ್ಮನ್ನು ಪ್ರಶ್ನಿಸುತ್ತಾನೆ: ಎಲ್ಲಿ ನಡೆಯುವಿರಿ, ಕಾಲಬುಡ ಕಾಣಬೇಕೋ ಗುಡ್ಡದಾಚೆ ಕಾಣಬೇಕೋ, ಎಷ್ಟು ಹೊತ್ತು ಉರಿಯಬೇಕು, ಮನೆಯಲ್ಲಿ ಮಕ್ಕಳಿದ್ದಾರೆಯೇ?

ಕೊನೆಯ ಪ್ರಶ್ನೆ ಲಿಥಿಯಂ ಕೋಶದ ದೆಸೆಯಿಂದ ಬಂದದ್ದು. 18650 ಎಂಬ ಹೆಸರಿನ ಕೋಶ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ; ಹಳೆಯ ಶುಷ್ಕಕೋಶದ ಒಂದೂವರೆ ವೋಲ್ಟಿನ ಬದಲು ತುಂಬಿದಾಗ 4.2 ವೋಲ್ಟು. ತಂತಿಗಳ ಮುಖ ಕೂಡಿಬಿಟ್ಟರೆ ಇದು ಬರಿಯ ಬಿಸಿಯಾಗಿ ನಿಲ್ಲುವುದಿಲ್ಲ, ಬೆಂಕಿಯಾಗುತ್ತದೆ. ಹಳೆಯ ಲ್ಯಾಪ್‌ಟಾಪುಗಳಿಂದ ಕಿತ್ತ ಕೋಶಗಳನ್ನು ಜೊತೆಗೂಡಿಸಿ ಹಾಕುವವರಿದ್ದಾರೆ. ನಾನು ಬಲ್ಲ ಒಬ್ಬ ಹವ್ಯಾಸಿ, ನಿವೃತ್ತ ತಂತ್ರಜ್ಞರು, ಅಂತಹ ಟಾರ್ಚು ಬಂದರೆ ಕೋಶವನ್ನು ಹೊರಗೆ ತೆಗೆದಿಟ್ಟ ಮೇಲೆಯೇ ಮುಂದಿನ ಮಾತಾಡುತ್ತಾರೆ. ಪ್ರವಾಹದ ಮಿತಿಯನ್ನು ಕಳಚಿ ಕೊಡಿ ಎಂದವರಿಗೆ ಆಗದೆಂದೇ ಹೇಳುತ್ತಾರೆ. ಈ ಆಗದು ಎಂಬ ಮಾತನ್ನು ಕೇಳಿದ ಕಡೆ ನಿಮ್ಮ ದೀಪವನ್ನು ನಿಶ್ಚಿಂತೆಯಿಂದ ಬಿಟ್ಟುಬರಬಹುದು.

ಇಂತಹವರು ಬೋರ್ಡು ಹಾಕಿಕೊಂಡಿರುವುದಿಲ್ಲ. ಹ್ಯಾಮ್ ರೇಡಿಯೊ ನಡೆಸುವವರಲ್ಲಿ, ಗಡಿಯಾರ ರಿಪೇರಿಯವರಲ್ಲಿ, ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಗಳಲ್ಲಿ ವಿಚಾರಿಸಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಮಾರುವ ಅಂಗಡಿಗಳಲ್ಲಿ, ಒಂದೋ ಎರಡೋ ಚಿಕ್ಕ ಸಾಮಾನಿಗಾಗಿ ಮತ್ತೆ ಮತ್ತೆ ಬರುವ ಗಿರಾಕಿಗಳು ಯಾರೆಂದು ಕೇಳಿದರೂ ಸುಳಿವು ಸಿಕ್ಕೀತು. ಒಯ್ಯುವ ಟಾರ್ಚಿನ ತಲೆ ತಿರುಚಿದರೆ ಬಿಚ್ಚುವಂತಿರಬೇಕು. ಅಂಟು ಹಾಕಿ ಮುಚ್ಚಿದ್ದನ್ನು ಅವರೂ ಮುಟ್ಟಲಾರರು. ಅಂಚೆಯಲ್ಲಿ ಕಳುಹಿಸುವುದಾದರೆ ಕೋಶವನ್ನು ಮನೆಯಲ್ಲಿಯೇ ಇಟ್ಟುಕೊಳ್ಳಿ. ಕೆಲಸ ಮುಗಿದಾಗ ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ನಾನು ಹೇಳಿದ ತಂತ್ರಜ್ಞರು ಅವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಅಳತೆ ಮಾಡಿದ ಪ್ರವಾಹವನ್ನು ಪೆನ್ಸಿಲಿನಿಂದ ಮೇಲೆ ಬರೆದು, ಕೇಳದೆಯೇ ಕೊಡುತ್ತಾರೆ.