ವಾಹನ ಚಾಲನೆಯ ವೇಳೆ ಮೊಬೈಲ್ ಬಳಕೆಯ ಕಾನೂನು

ವಾಹನ ಚಲಾಯಿಸುತ್ತ ಮೊಬೈಲ್ ದೂರವಾಣಿಯನ್ನು ಕೈಯಲ್ಲಿ ಹಿಡಿದು ಬಳಸುವುದು ಭಾರತದಲ್ಲಿ ಶಿಕ್ಷಾರ್ಹ ಅಪರಾಧವಾಗಿದೆ. ಮೋಟಾರು ವಾಹನಗಳ ಕಾಯ್ದೆ, 1988ರ 184ನೇ ಕಲಮು ಇದನ್ನು ಅಪಾಯಕಾರಿ ಚಾಲನೆಯ ಒಂದು ಬಗೆಯೆಂದು ಪರಿಗಣಿಸುತ್ತದೆ. ಚಳ್ಳಕೆರೆಯ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 150ಎಗೂ ಉಳ್ಳಾರ್ತಿ ಕಾವಲಿನ ಕಡೆಯ ಹಳ್ಳಿ ರಸ್ತೆಗಳಿಗೂ ಈ ನಿಯಮ ಸಮಾನವಾಗಿ ಅನ್ವಯಿಸುತ್ತದೆ.

ಹಿನ್ನೆಲೆ

ಭಾರತದಲ್ಲಿ ಮೊಬೈಲ್ ಸೇವೆ ಆರಂಭವಾದದ್ದು 1995ರಲ್ಲಿ. ಆದ್ದರಿಂದ 1988ರ ಮೂಲ ಕಾಯ್ದೆಯಲ್ಲಿ ಅದರ ಉಲ್ಲೇಖವಿರಲಿಲ್ಲ. ಮುಂದೆ ಕೇಂದ್ರ ಮೋಟಾರು ವಾಹನಗಳ ನಿಯಮಗಳ 21ನೇ ನಿಯಮದಲ್ಲಿ, ಚಾಲಕನನ್ನು ಪರವಾನಗಿಗೆ ಅನರ್ಹಗೊಳಿಸಬಹುದಾದ ಕೃತ್ಯಗಳ ಪಟ್ಟಿಗೆ ಇದನ್ನು ಸೇರಿಸಲಾಯಿತು. ಇಂತಹ ಚಾಲಕರ ಪರವಾನಗಿಯನ್ನು ಕನಿಷ್ಠ ಮೂರು ತಿಂಗಳು ಅಮಾನತಿನಲ್ಲಿಡಬೇಕೆಂದು ಸರ್ವೋಚ್ಚ ನ್ಯಾಯಾಲಯದ ರಸ್ತೆ ಸುರಕ್ಷತಾ ಸಮಿತಿಯು 2015ರಲ್ಲಿ ರಾಜ್ಯಗಳಿಗೆ ಸೂಚಿಸಿತು.

ಆದರೂ ಶಿಕ್ಷೆ ವಿಧಿಸುವ ಕಲಮಿನಲ್ಲಿ ಮೊಬೈಲಿನ ಹೆಸರಿರಲಿಲ್ಲ. ಸಾರ್ವಜನಿಕರಿಗೆ ಅಪಾಯವಾಗದ ಹೊರತು, ಚಾಲನೆಯಲ್ಲಿ ಮಾತನಾಡಿದ ಮಾತ್ರಕ್ಕೆ ಕೇರಳ ಪೊಲೀಸ್ ಕಾಯ್ದೆಯಡಿ ಅಪರಾಧವಾಗದೆಂದು ಕೇರಳ ಉಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿತು. 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ತಿದ್ದುಪಡಿಯು, ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನದ ಬಳಕೆಯನ್ನು 184ನೇ ಕಲಮಿನಲ್ಲಿಯೇ ಹೆಸರಿಸಿತು. ಹೀಗಾಗಿ ಅಪಘಾತ ಸಂಭವಿಸದಿದ್ದರೂ ಅಂತಹ ಬಳಕೆಯೇ ಅಪರಾಧವಾಗುತ್ತದೆ.

ಶಿಕ್ಷೆ ಮತ್ತು ದಂಡ

ಮೊದಲ ಅಪರಾಧಕ್ಕೆ ಆರು ತಿಂಗಳಿನಿಂದ ಒಂದು ವರ್ಷದವರೆಗೆ ಸೆರೆವಾಸ, ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಮೂರು ವರ್ಷಗಳೊಳಗೆ ಅಪರಾಧ ಮರುಕಳಿಸಿದರೆ ಎರಡು ವರ್ಷಗಳವರೆಗೆ ಸೆರೆವಾಸ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ ಉಂಟು. ನ್ಯಾಯಾಲಯಕ್ಕೆ ಹೋಗದೆ ಸ್ಥಳದಲ್ಲಿಯೇ ದಂಡ ಕಟ್ಟಿ ಪ್ರಕರಣವನ್ನು ರಾಜಿ ಮಾಡಿಕೊಳ್ಳಲು ಅವಕಾಶವಿದೆ. ಅದಕ್ಕಾಗಿ ಕರ್ನಾಟಕ ಸರ್ಕಾರವು 2019ರ ಸೆಪ್ಟೆಂಬರ್‌ನಲ್ಲಿ ಮೊದಲ ಅಪರಾಧಕ್ಕೆ ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ 1,500, ಲಘು ವಾಹನಗಳಿಗೆ 3,000, ಇತರ ವಾಹನಗಳಿಗೆ 5,000 ರೂಪಾಯಿಗಳನ್ನು ಗೊತ್ತುಪಡಿಸಿತು.

ವಿನಾಯಿತಿ

2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಚಾಲಕನ ಏಕಾಗ್ರತೆಗೆ ಭಂಗ ಬಾರದ ರೀತಿಯಲ್ಲಿ ದಾರಿ ತಿಳಿಯಲು ಮಾತ್ರ ಸಾಧನವನ್ನು ಬಳಸಬಹುದು. ಕರೆ, ಸಂದೇಶ, ಚಿತ್ರ ವೀಕ್ಷಣೆಗಳಿಗೆ ಈ ವಿನಾಯಿತಿ ಇಲ್ಲ.

ಮಹತ್ವ

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ವಾಹನವು ಮೂರು ಸೆಕೆಂಡುಗಳಲ್ಲಿ 50 ಮೀಟರ್ ಸಾಗುತ್ತದೆ. ಅಷ್ಟು ಹೊತ್ತು ಪರದೆಯನ್ನು ನೋಡುವ ಚಾಲಕನು ಆ 50 ಮೀಟರ್ ದಾರಿಯನ್ನು ಕಾಣದೆಯೇ ಕ್ರಮಿಸಿರುತ್ತಾನೆ. ದನಕರುಗಳು, ಕುರಿಮಂದೆಗಳು, ಪಾದಚಾರಿಗಳು ಅಡ್ಡಬರುವ ಬಯಲುಸೀಮೆಯ ನೇರ ರಸ್ತೆಗಳಲ್ಲಿ ಇದರ ಅಪಾಯ ಇನ್ನೂ ಹೆಚ್ಚು. ನಿರ್ಲಕ್ಷ್ಯದ ಚಾಲನೆಯಿಂದ ಸಾವು ಸಂಭವಿಸಿದರೆ, 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದಾಗಿದೆ.