ಹತ್ತಿ ಹಗ್ಗದ ಬುಟ್ಟಿ ನಿಜವಾಗ್ಲೂ ಇಕೋ ಫ್ರೆಂಡ್ಲಿನಾ?

ಚಾರ್ಜರ್, ಸಾಕ್ಸ್, ಅರ್ಧ ತಿಂದ ಬಿಸ್ಕೆಟ್ ಪ್ಯಾಕೆಟ್ ಎಲ್ಲಾ ಹಾಸ್ಟೆಲ್ ಮಂಚದ ಮೇಲೇ ಇರುತ್ತವೆ. ಇವನ್ನು ತುಂಬಿಡೋಕೆ ಈಗ ಹತ್ತಿ ಹಗ್ಗದ ಬುಟ್ಟಿಗಳು ಬಂದಿವೆ. ಮೇಲೆ ‘ಹ್ಯಾಂಡ್‌ಮೇಡ್, ಇಕೋ ಫ್ರೆಂಡ್ಲಿ’ ಅಂತ ಲೇಬಲ್. ಈ ಬುಟ್ಟಿ ಹೇಗೆ ನಿಲ್ಲುತ್ತೆ, ಆ ಲೇಬಲ್ ಎಷ್ಟು ನಿಜ ಅಂತ ನೋಡೋಣ.

ಮಾಡುವ ರೀತಿ ಸರಳ. ಕೊಡ ಹೊರುವವರು ತಲೆ ಮೇಲೆ ಬಟ್ಟೆಯ ಸಿಂಬೆ ಇಟ್ಟುಕೊಳ್ತಾರಲ್ಲ, ಹಾಗೆ ಹಗ್ಗವನ್ನು ಮಧ್ಯದಿಂದ ಸುತ್ತುತ್ತಾ ಹೋಗಬೇಕು. ಪಕ್ಕಪಕ್ಕದ ಎರಡು ಸುತ್ತುಗಳನ್ನೂ ಹಿಡಿಯುವಂತೆ ಮೆಷಿನ್‌ನಲ್ಲಿ ಜಿಗ್‌ಜಾಗ್ ಹೊಲಿಗೆ ಹಾಕಬೇಕು. ತಳ ಮುಗಿದ ಮೇಲೆ ಅದನ್ನು ಮೇಲಕ್ಕೆ ಓರೆಯಾಗಿ ಹಿಡಿದು ಹೊಲಿದರೆ, ಮುಂದಿನ ಸುತ್ತು ಹಿಂದಿನದರ ಮೇಲೆ ಕೂರುತ್ತೆ. ಅದೇ ಗೋಡೆ.

ಹಗ್ಗ ಎಷ್ಟು ಬೇಕು? 20 ಸೆಂ.ಮೀ. ವ್ಯಾಸ, 15 ಸೆಂ.ಮೀ. ಎತ್ತರದ ಬುಟ್ಟಿಗೆ ತಳ 314, ಗೋಡೆ 942, ಒಟ್ಟು 1256 ಚದರ ಸೆಂ.ಮೀ. ಹಗ್ಗದ ದಪ್ಪ 0.6 ಸೆಂ.ಮೀ. ಆದರೆ ಅದರಿಂದ ಭಾಗಿಸಿ: ಸುಮಾರು 21 ಮೀಟರ್.

ಮೆತ್ತಗಿನ ಹಗ್ಗ ನೆಟ್ಟಗೆ ನಿಲ್ಲೋದು ಹೇಗೆ? ಹಾಳೆಯನ್ನು ಸುರುಳಿ ಮಾಡಿದರೆ ನಿಲ್ಲುತ್ತಲ್ಲ, ಹಾಗೆ ಬಾಗಿದ ಗೋಡೆಗೆ ಬಿಗಿ ಜಾಸ್ತಿ. ಸಾಮಾನು ತುಂಬಿದಾಗ ಗೋಡೆ ಹೊರಕ್ಕೆ ತಳ್ಳಲ್ಪಟ್ಟು ಪ್ರತಿ ಸುತ್ತೂ ಎಳೆತಕ್ಕೆ ಸಿಗುತ್ತೆ. ನಾವು ಥಿನ್ ಸಿಲಿಂಡರ್ ಪಾಠದಲ್ಲಿ ಓದುವ ಹೂಪ್ ಸ್ಟ್ರೆಸ್ ಇದೇ. ಎಳೆತ ತಡೆಯೋದು ಹಗ್ಗಕ್ಕೆ ಹುಟ್ಟುಗುಣ.

ಇನ್ನು ಲೇಬಲ್ ವಿಷಯ. ಹತ್ತಿ ಮಣ್ಣಲ್ಲಿ ಕೊಳೆಯುತ್ತೆ, ನಿಜ. ಆದರೆ ಅದನ್ನು ಬೆಳೆಯೋಕೆ ನೀರು, ಗೊಬ್ಬರ, ಕೀಟನಾಶಕ ಎಲ್ಲಾ ಬೇಕು. ಡೆನ್ಮಾರ್ಕ್‌ನ ಪರಿಸರ ಇಲಾಖೆ 2018ರಲ್ಲಿ ಶಾಪಿಂಗ್ ಚೀಲಗಳ ಬಗ್ಗೆ ಪ್ರಕಟಿಸಿದ ವರದಿ ಪ್ರಕಾರ, ಹವಾಮಾನದ ಲೆಕ್ಕ ಒಂದನ್ನೇ ಹಿಡಿದರೂ, ಸಾಮಾನ್ಯ ಹತ್ತಿ ಚೀಲವನ್ನು 52 ಸಲವಾದರೂ ಬಳಸಿದರೆ ಮಾತ್ರ ಅದು ಪ್ಲಾಸ್ಟಿಕ್ ಚೀಲಕ್ಕೆ ಸಮ. ಬುಟ್ಟಿಯ ಲೆಕ್ಕ ಬೇರೆ ಇರಬಹುದು, ಪಾಠ ಒಂದೇ: ಹತ್ತಿ ಅನ್ನೋದಕ್ಕಿಂತ ಎಷ್ಟು ವರ್ಷ ಬಳಸ್ತೀವಿ ಅನ್ನೋದು ಮುಖ್ಯ.

ಇನ್ನೊಂದು ವಿಷಯ, ದಾರ. ಎಷ್ಟೋ ಬುಟ್ಟಿಗಳ ಹೊಲಿಗೆ ದಾರ ಪಾಲಿಯೆಸ್ಟರ್. ಕೆಲವು ‘ಹತ್ತಿ’ ಹಗ್ಗಗಳ ಒಳಗೂ ಪಾಲಿಯೆಸ್ಟರ್ ತಿರುಳು ಇರುತ್ತೆ. ಪರೀಕ್ಷೆ ಸುಲಭ: ಒಂದು ಎಳೆ ಕಿತ್ತು, ರೂಮಿನ ಹೊರಗೆ ಇಕ್ಕಳದಲ್ಲಿ ಹಿಡಿದು ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತಗಿನ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತೆ.

ಹಾಗಾದರೆ ಯಾವುದು ಒಳ್ಳೇದು? ಹೊಸ ಹತ್ತಿಗಿಂತ ಹಳೇ ಹತ್ತಿ. ಉತ್ತರ ಕರ್ನಾಟಕದಲ್ಲಿ ಹಳೇ ಸೀರೆ, ಧೋತರ ಸೇರಿಸಿ ಕೌದಿ ಹೊಲಿಯೋದು ಇದೇ ಬುದ್ಧಿ. ನಮ್ಮ ಹಳೇ ಫೆಸ್ಟ್ ಟೀ-ಶರ್ಟ್‌ಗಳನ್ನು ಉದ್ದಕ್ಕೆ ಪಟ್ಟಿ ಕತ್ತರಿಸಿ, ಮೂರೆಳೆ ಜಡೆ ಹೆಣೆದರೆ ಹಗ್ಗ ರೆಡಿ. ಮೆಷಿನ್ ಇಲ್ಲದಿದ್ದರೆ ದಪ್ಪ ಸೂಜಿ, ಹತ್ತಿ ದಾರ ಸಾಕು. ಒಂದೇ ಎಚ್ಚರಿಕೆ: ಒದ್ದೆ ಟವೆಲ್ ತುರುಕಬೇಡಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತೆ.

ಈಗಾಗಲೇ ಗಟ್ಟಿಮುಟ್ಟಾದ ಪ್ಲಾಸ್ಟಿಕ್ ಬುಟ್ಟಿ ಇದೆಯಾ? ಅದನ್ನು ಎಸೆದು ಇದನ್ನು ಕೊಳ್ಳಬೇಡಿ. ಅದು ಒಡೆಯೋವರೆಗೂ ಬಳಸೋದೇ ಹೆಚ್ಚು ಇಕೋ ಫ್ರೆಂಡ್ಲಿ.