ಬಣ್ಣದ ಸ್ಲೈಡಿನ ಸಂಸ್ಕರಣ ಮತ್ತು ತೆರೆದ ರಾಸಾಯನಿಕಗಳ ಬಾಳಿಕೆ

ಕ್ಷೇತ್ರಕಾರ್ಯದಲ್ಲಿ ತೆಗೆದ ಬಣ್ಣದ ಸ್ಲೈಡಿಗೆ ಬೇರೆ ನೆಗೆಟಿವ್ ಇರುವುದಿಲ್ಲ. ಫಿಲ್ಮೇ ಮೂಲ ದಾಖಲೆ. ಆದ್ದರಿಂದ ಮನೆಯಲ್ಲಿ ಇ-6 ವಿಧಾನದಿಂದ ಸಂಸ್ಕರಿಸುವವರು ರಾಸಾಯನಿಕದ ಬಾಳಿಕೆಯನ್ನು ಅರಿತಿರಬೇಕಾಗುತ್ತದೆ.

ಈ ವಿಧಾನದಲ್ಲಿ ಮೊದಲ ಡೆವಲಪರೇ ನಿರ್ಣಾಯಕ. ಸೀಸೆ ತೆರೆದೊಡನೆ ಗಾಳಿಯ ಆಮ್ಲಜನಕ ಅದರೊಳಗಿನ ಸಲ್ಫೈಟನ್ನು ಮೊದಲು ಕಬಳಿಸುತ್ತದೆ. ಆ ರಕ್ಷಣೆ ತೀರಿದ ಮೇಲೆ ಡೆವಲಪರೇ ಕ್ಷೀಣಿಸುತ್ತದೆ. ಕ್ಷೀಣಿಸಿದ ದ್ರಾವಣದಲ್ಲಿ ನೆಗೆಟಿವ್ ತೆಳುವಾದರೆ, ಸ್ಲೈಡು ಇದಕ್ಕೆ ವಿರುದ್ಧವಾಗಿ ಕಪ್ಪಾಗುತ್ತದೆ. ಬೆಳಕು ಕಂಡ ಫಿಲ್ಮಿನ ತುಣುಕನ್ನು ಅದ್ದಿ ನೋಡುವ ಪರೀಕ್ಷೆ ದ್ರಾವಣ ಸತ್ತಿದೆಯೇ ಎಂಬುದನ್ನಷ್ಟೇ ತಿಳಿಸೀತು; ಅರ್ಧ ಸೋತದ್ದನ್ನು ತಿಳಿಸದು. ಅಪಾಯವಿರುವುದು ಅಲ್ಲಿಯೇ.

ದ್ರಾವಣ ಕೆಲಸ ಮಾಡುವುದು ಸುಮಾರು 38 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹುಬ್ಬಳ್ಳಿ-ಧಾರವಾಡದ ನಡುವಣ ರಾಯಾಪುರದಲ್ಲಿ ಏಪ್ರಿಲ್ ಮಧ್ಯಾಹ್ನದ ಬಿಸಿಲು ಈ ಅಂಕಿಯ ಸಮೀಪಕ್ಕೇರುತ್ತದೆ. ಸಂಸ್ಕರಣಕ್ಕೆ ಇದು ಅನುಕೂಲವೆನಿಸಿದರೂ ಶೇಖರಣೆಗೆ ಕೇಡು. ಉಷ್ಣತೆ ಏರಿದಂತೆ ಉತ್ಕರ್ಷಣವೂ ಚುರುಕಾಗುತ್ತದೆ. ಕಂದು ಗಾಜಿನ ಸೀಸೆಯಲ್ಲಿ ಗಂಟಲಮಟ್ಟ ತುಂಬಿ ಬಿಗಿಯಾಗಿ ಮುಚ್ಚಿಟ್ಟರೆ ಬೆರೆಸಿದ ಡೆವಲಪರ್ ಕೆಲವು ವಾರ ಉಳಿಯುತ್ತದೆ. ಅರ್ಧ ತುಂಬಿದ ಸೀಸೆಯಲ್ಲಿ ಅದಕ್ಕಿಂತ ಬಹಳ ಬೇಗ ಕೆಡುತ್ತದೆ. ಖಾಲಿ ಜಾಗ ತುಂಬಲು ಗಾಜಿನ ಗೋಲಿಗಳನ್ನು ಹಾಕುವ ರೂಢಿಯುಂಟು (ಆಟದ ಗೋಲಿಗಳೇ ಸಾಕು, ತೊಳೆದಿರಬೇಕು). ಚಹದ ಬಣ್ಣಕ್ಕೆ ತಿರುಗಿದ ಡೆವಲಪರನ್ನು ಮರುಕಳಿಸಲಾಗದ ಆಟದ ಚಿತ್ರಗಳಿಗೆ ಬಳಸಕೂಡದು.

ಬ್ಲಿಕ್ಸ್‌ನ ವಿಷಯ ಅಷ್ಟು ಕಠಿಣವಲ್ಲ. ಅದು ಸೋತು ಫಿಲ್ಮಿನಲ್ಲಿ ಬೆಳ್ಳಿ ಉಳಿದರೆ, ಹೊಸ ದ್ರಾವಣದಲ್ಲಿ ಮತ್ತೊಮ್ಮೆ ಅದ್ದಿ ತೊಳೆದುಕೊಳ್ಳಬಹುದು.